ಮೊಳೆ ಇಲ್ಲದೆ ಅಚ್ಚು ಮೂಡೀತೆ?

ಕಂಪ್ಯೂಟರ್ ಕಲಿತ ಕನ್ನಡ ತರುಣರೇ,

ಕುಣಿಗಲ್ಲಿನ ನನ್ನ ಪ್ರೆಸ್ಸಿಗೆ ಬರುವ ಕೆಲವು ರಸೀದಿಗಳಲ್ಲಿ ಕನ್ನಡ ಇರಬೇಕಾದ ಕಡೆ ಬರೀ ಖಾಲಿ ಚೌಕಗಳು! ಕೇಳಿದರೆ 'ಸರ್ವರ್‌ಗೆ ಕನ್ನಡ ಬರಲ್ಲ' ಅನ್ನುತ್ತಾರೆ. ಶುದ್ಧ ಸುಳ್ಳು. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡ ಇದೆ.

ಕ್ಲೌಡ್‌ನಲ್ಲಿ ವರ್ಚುವಲ್ ಮೆಷಿನ್ ಸಿದ್ಧ ಮಾಡುವವರು ನೀವೇ ತಾನೆ? ಮೆಮೊರಿ ಎಷ್ಟು, ಡಿಸ್ಕ್ ಎಷ್ಟು, ಯಾವ ಪೋರ್ಟ್ ತೆರೆಯಬೇಕು, ಎಲ್ಲ ಆರಿಸುತ್ತೀರಿ. ಕನ್ನಡದ ಫಾಂಟ್ ಮಾತ್ರ ಮರೆಯುತ್ತೀರಿ! ಹೊಸ ಉಬುಂಟು ಸರ್ವರ್‌ನಲ್ಲಿ ಸಾಮಾನ್ಯವಾಗಿ ಅದು ಇರುವುದೇ ಇಲ್ಲ. ಅಚ್ಚುಮೊಳೆಯೇ ಇಲ್ಲದ ಪ್ರೆಸ್ಸು ಅದು.

'ಫಾಂಟ್ಸ್-ಕೆಎನ್‌ಡಿಎ' ಎಂಬ ಪ್ಯಾಕೇಜ್ ಹಾಕಿ, ಪುಕ್ಕಟೆ ಸಿಗುತ್ತದೆ. ಅದರಲ್ಲಿ 'ನವಿಲು' ಇದೆ, 'ಗುಬ್ಬಿ' ಇದೆ. (ನಮ್ಮ ಜಿಲ್ಲೆಯ ಊರಿನ ಹೆಸರೇ, ನೋಡಿ!) ಒಂದು ಮೆಷಿನ್‌ಗೆ ಕೈಯಾರೆ ಹಾಕಿ ಸುಮ್ಮನಾಗಬೇಡಿ. ಕೆಲಸದ ಒತ್ತಡ ಹೆಚ್ಚಿದಾಗ ತಾನಾಗಿ ಏಳುವ ಹೊಸ ಮೆಷಿನ್‌ಗಳು ಮತ್ತೆ ಚೌಕವನ್ನೇ ಅಚ್ಚು ಹಾಕುತ್ತವೆ. ಆ ಒಂದು ಸಾಲನ್ನು ಮೆಷಿನ್ ಎಬ್ಬಿಸುವ ಸ್ಕ್ರಿಪ್ಟ್‌ನಲ್ಲೇ ಬರೆದಿಡಿ.