ಮಕ್ಕಳ ಆಟಕ್ಕೆ ಅಂಕ ಕೊಡುವವರು ಯಾರು?

ಕಳೆದ ಬೇಸಿಗೆ ರಜೆಯಲ್ಲಿ, ಗಲ್ಫ್‌ನಲ್ಲಿ ಕೆಲಸ ಮಾಡುವ ನಮ್ಮ ಮಾಮೂ ಊರಿಗೆ ಬಂದಾಗ ಒಂದು ಹಳೆಯ ಪ್ಲೇಸ್ಟೇಷನ್ 2 ತಂದರು. ಅವರ ಮಕ್ಕಳು ದೊಡ್ಡವರಾಗಿದ್ದಾರೆ, ಅದನ್ನು ಅಲ್ಲಿ ಈಗ ಯಾರೂ ಮುಟ್ಟುವುದಿಲ್ಲವಂತೆ. ಜೊತೆಗೆ ಎರಡು ಕಂಟ್ರೋಲರ್, ಮೂರು ಡಿಸ್ಕ್. ಆ ಮೂರರಲ್ಲಿ ಒಂದು ‘ಲೆಗೊ ಸ್ಟಾರ್ ವಾರ್ಸ್ 2: ದಿ ಒರಿಜಿನಲ್ ಟ್ರಿಲಜಿ’. ಇದು 2006ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಆಟ. ಅಂದರೆ ವಯಸ್ಸಿನಲ್ಲಿ ನನಗಿಂತ ದೊಡ್ಡದು.

ಇಷ್ಟು ಹಳೆಯ ಆಟದ ಬಗ್ಗೆ ಈಗ ಯಾಕೆ ಬರೆಯಬೇಕು ಎಂದು ನೀವು ಕೇಳಬಹುದು. ನನ್ನ ಗೆಳತಿಯೂ ಅದನ್ನೇ ಕೇಳಿದಳು. “ಚಿಕ್ಕ ಮಕ್ಕಳ ಆಟ, ಅದಕ್ಕೆಂಥ ವಿಮರ್ಶೆ?” ಅಂದಳು. ಆ ಮಾತಿಗೆ ಉತ್ತರವಾಗಿಯೇ ಈ ಲೇಖನ.

ಮೊದಲು ಆಟ ಏನೆಂದು ಹೇಳುತ್ತೇನೆ. ಸ್ಟಾರ್ ವಾರ್ಸ್ ಸರಣಿಯ ಮೊದಲ ಮೂರು ಸಿನಿಮಾಗಳು 1977, 1980 ಮತ್ತು 1983ರಲ್ಲಿ ಬಂದವು. ಲೆಗೊ ಎಂದರೆ ಒಂದಕ್ಕೊಂದು ಸಿಕ್ಕಿಸಿ ಮನೆ, ಕಾರು ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳು. ಡೆನ್ಮಾರ್ಕಿನ ಕಂಪನಿ. ಆ ಹೆಸರಿಗೆ ಮೂಲ ‘ಚೆನ್ನಾಗಿ ಆಡು’ ಎಂಬ ಅರ್ಥದ ಎರಡು ಡ್ಯಾನಿಶ್ ಪದಗಳು. ಸಿನಿಮಾ ಕಥೆಯನ್ನು ಈ ಇಟ್ಟಿಗೆ ಗೊಂಬೆಗಳಿಂದ ಆಡಿಸುವ ಆಟವನ್ನು ಇಂಗ್ಲೆಂಡಿನ ಟ್ರಾವೆಲರ್ಸ್ ಟೇಲ್ಸ್ ಎಂಬ ಕಂಪನಿ ಮಾಡಿತು. ಮೊದಲ ಭಾಗ 2005ರಲ್ಲಿ ಬಂತು. ಅದು ಚೆನ್ನಾಗಿದೆ, ಆದರೆ ಬೇಗ ಮುಗಿದುಹೋಗುತ್ತದೆ ಎಂದು ವಿಮರ್ಶಕರು ಬರೆದರು. ಮರುವರ್ಷವೇ ಎರಡನೇ ಭಾಗ ಬಂತು. ಸಿನಿಮಾಕ್ಕೆ ಆರರಂತೆ ಒಟ್ಟು 18 ಅಧ್ಯಾಯಗಳು. ವಾಹನ ಹತ್ತಿ ಓಡಿಸಬಹುದು, ಪ್ರಾಣಿಗಳ ಮೇಲೆ ಸವಾರಿ ಮಾಡಬಹುದು, ಒಬ್ಬನ ತಲೆ ಇನ್ನೊಬ್ಬನ ಕಾಲು ಸೇರಿಸಿ ನಮ್ಮದೇ ಗೊಂಬೆ ಮಾಡಿಕೊಳ್ಳಬಹುದು.

ವಿಮರ್ಶಕರು ಇದನ್ನು ಹೇಗೆ ಸ್ವೀಕರಿಸಿದರು? ಒಟ್ಟಿನಲ್ಲಿ ಬಹಳ ಚೆನ್ನಾಗಿಯೇ. ಬೇರೆ ಬೇರೆ ಪತ್ರಿಕೆಗಳ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ, ನಮ್ಮ ಮನೆಯಲ್ಲಿರುವ ಆವೃತ್ತಿಗೆ 100ಕ್ಕೆ 80ಕ್ಕಿಂತ ಹೆಚ್ಚು ಸಿಕ್ಕಿದೆ. 2006ರ ಬ್ರಿಟಿಷ್ ಅಕಾಡೆಮಿ ವಿಡಿಯೊ ಗೇಮ್ ಪ್ರಶಸ್ತಿಗಳಲ್ಲಿ ಗೇಮ್‌ಪ್ಲೇ ವಿಭಾಗದ ಪ್ರಶಸ್ತಿಯೂ ಇದಕ್ಕೇ ಬಂತು. ಇಬ್ಬರು ಕೂಡಿ ಆಡುವ ಸೌಲಭ್ಯ ಮತ್ತು ಹಾಸ್ಯವನ್ನು ಎಲ್ಲರೂ ಹೊಗಳಿದರು. ಆದರೆ ಒಂದು ದೂರು ಮತ್ತೆ ಮತ್ತೆ ಕೇಳಿಬಂತು: ಆಟ ಬಹಳ ಸುಲಭ. ಇಲ್ಲಿ ಯಾರೂ ಸೋಲುವುದೇ ಇಲ್ಲ.

ಮಾತು ನಿಜ. ಈ ಆಟದಲ್ಲಿ ನಿಮ್ಮ ಗೊಂಬೆ ಸತ್ತರೆ ಚೂರುಚೂರಾಗಿ ಬೀಳುತ್ತದೆ, ನೀವು ಕೂಡಿಸಿದ ನಾಣ್ಯಗಳಲ್ಲಿ ಒಂದಷ್ಟು ಚೆಲ್ಲುತ್ತವೆ, ಮರುಕ್ಷಣ ಅಲ್ಲೇ ಮತ್ತೆ ಎದ್ದು ನಿಲ್ಲುತ್ತದೆ. ‘ಗೇಮ್ ಓವರ್’ ಎಂಬ ಮಾತೇ ಬರುವುದಿಲ್ಲ. ಪ್ರಶ್ನೆ ಇಷ್ಟೇ: ಇದು ದೋಷವೇ?

ನನ್ನ ತಮ್ಮ ನಾಲ್ಕನೇ ಕ್ಲಾಸು. ಓದುವುದರಲ್ಲಿ ಸ್ವಲ್ಪ ನಿಧಾನ. ಆಟದಲ್ಲೂ ಅಷ್ಟೇ. ಗಲ್ಲಿಯ ಕ್ರಿಕೆಟ್‌ನಲ್ಲಿ ಅವನನ್ನು ಕೊನೆಗೆ ಆರಿಸುತ್ತಾರೆ. ಮೊಬೈಲಿನ ಗುಂಡು ಹಾರಿಸುವ ಆಟಗಳಲ್ಲಿ ಅವನು ಮೊದಲ ನಿಮಿಷದಲ್ಲೇ ಔಟ್ ಆಗುತ್ತಾನೆ, ಆಮೇಲೆ ಚಾಚಾನ ಮಕ್ಕಳು “ನಿನ್ನಿಂದಲೇ ಸೋತೆವು” ಎಂದು ಬೈಯುತ್ತಾರೆ. ಸೋತರೆ ಗಟ್ಟಿಯಾಗುತ್ತಾನೆ ಎಂದು ದೊಡ್ಡವರು ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಅವನು ಗಟ್ಟಿಯಾಗಲಿಲ್ಲ, ಆಡುವುದನ್ನೇ ಬಿಟ್ಟ.

ಈ ಆಟವನ್ನು ಮಾತ್ರ ಬಿಡಲಿಲ್ಲ. ಒಂದು ಹೊಂಡ ದಾಟಲು ಹದಿನೈದು ಸಲ ಬಿದ್ದ, ಹದಿನಾರನೇ ಸಲ ದಾಟಿದ. ಬಿದ್ದಾಗ ಯಾರೂ ನಗಲಿಲ್ಲ, ಯಂತ್ರವೂ ಅವನನ್ನು ಹಿಂದಕ್ಕೆ ಕಳಿಸಲಿಲ್ಲ. ಆಟದಲ್ಲಿ ಕಷ್ಟವೇ ಇಲ್ಲ ಎನ್ನುವುದು ಪೂರ್ತಿ ಸರಿಯೂ ಅಲ್ಲ. ಕಥೆ ಮುಗಿಸುವುದು ಸುಲಭ. ಆದರೆ ಪ್ರತಿ ಅಧ್ಯಾಯದಲ್ಲಿ ಬಚ್ಚಿಟ್ಟ ಹತ್ತು ತುಣುಕುಗಳನ್ನು ಹುಡುಕುವುದು, ನಾಣ್ಯಗಳ ಪಟ್ಟಿಯನ್ನು ತುಂಬಿಸುವುದು ಸುಲಭವಲ್ಲ. ಅದಕ್ಕೆ ಅದೇ ಅಧ್ಯಾಯವನ್ನು ಬೇರೆ ಪಾತ್ರಗಳೊಂದಿಗೆ ಮತ್ತೆ ಆಡಬೇಕು. ಅಂದರೆ ಬಾಗಿಲು ಎಲ್ಲರಿಗೂ ತೆರೆದಿದೆ, ಒಳಗಿನ ಕೋಣೆಗಳಿಗೆ ಮಾತ್ರ ಬೀಗ ಇದೆ. ಇದನ್ನು ಜಾಣತನ ಎನ್ನಬೇಕೇ ಹೊರತು ಸುಲಭ ಎಂದು ಅಂಕ ಕಳೆಯಬಾರದು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ವಿಷಯ ಭಾಷೆ. ನಮ್ಮ ಮನೆಮಾತು ಉರ್ದು, ಕಲಿತದ್ದು ಕನ್ನಡ ಮಾಧ್ಯಮ, ಈಗ ಕಾಲೇಜಿನಲ್ಲಿ ಅಕೌಂಟೆನ್ಸಿ ಇಂಗ್ಲಿಷಿನಲ್ಲಿ. ಒಂದು ಮಾತು ಅರ್ಥವಾಗದೆ ಎಲ್ಲರೂ ನಕ್ಕಾಗ ತಾನೂ ಸುಮ್ಮನೆ ನಗುವುದು ಎಂದರೆ ಏನೆಂದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ಈ ಆಟದ ಪಾತ್ರಗಳು ಮಾತಾಡುವುದಿಲ್ಲ. ಗೊಣಗುತ್ತವೆ, ಕೈ ಆಡಿಸುತ್ತವೆ, ತಲೆ ಕೆರೆದುಕೊಳ್ಳುತ್ತವೆ. ಇಡೀ ಕಥೆ ಅಭಿನಯದಲ್ಲೇ ನಡೆಯುತ್ತದೆ. ಖಳನಾಯಕ ತಾನೇ ನಾಯಕನ ತಂದೆ ಎಂದು ಹೇಳುವ ದೃಶ್ಯ ಸಿನಿಮಾದಲ್ಲಿ ಬಹಳ ಗಂಭೀರ. ಇಲ್ಲಿ ಅವನು ಸಾಕ್ಷಿಗೆ ಒಂದು ಫೋಟೊ ತೆಗೆದು ತೋರಿಸುತ್ತಾನೆ. ನಮ್ಮ ದಾದಿಗೆ ಉರ್ದು ಮತ್ತು ಸಂತೆಯ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು, ಸ್ಟಾರ್ ವಾರ್ಸ್ ಹೆಸರನ್ನೂ ಕೇಳಿದವರಲ್ಲ. ಆ ದೃಶ್ಯಕ್ಕೆ ಅವರು ನಮಗಿಂತ ಮೊದಲು ನಕ್ಕರು.

ಇದೇ ಕಂಪನಿಯ ಲೆಗೊ ಆಟಗಳಲ್ಲಿ ಪಾತ್ರಗಳು ಮಾತಾಡಲು ಶುರುಮಾಡಿದ್ದು 2012ರ ‘ಲೆಗೊ ಬ್ಯಾಟ್‌ಮ್ಯಾನ್ 2’ರಿಂದ. ಅದು ಮುಂದಿನ ಹೆಜ್ಜೆ ಎನ್ನುವವರಿದ್ದಾರೆ, ಇರಲಿ. ಆದರೆ ಇಂಗ್ಲಿಷ್ ಬಾರದ ಮನೆಯಲ್ಲಿ ಕೂತು ನೋಡಿದರೆ, ಮಾತು ಬಂದ ದಿನ ನಮ್ಮ ದಾದಿಯಂಥವರು ಆಟದ ಹೊರಗೆ ಉಳಿದರು. ‘ಇಡೀ ಕುಟುಂಬಕ್ಕೆ’ ಎಂದು ಬರೆಯುವಾಗ ಯಾರ ಕುಟುಂಬ ಎಂದೂ ಕೇಳಬೇಕಲ್ಲವೇ?

ಹಾಗೆಂದು ವಿಮರ್ಶಕರೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. ಎರಡು ವಿಷಯಗಳಲ್ಲಿ ಅವರು ಸರಿ, ಮತ್ತು ಅವರು ಹೇಳಿದ್ದು ಒಳ್ಳೆಯದೇ ಆಯಿತು.

ಒಂದು, ಕ್ಯಾಮೆರಾ. ಇಬ್ಬರೂ ಒಂದೇ ಪರದೆಯೊಳಗೆ ಇರಬೇಕು. ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ಹೋದರೆ ಹಗ್ಗಜಗ್ಗಾಟ ಶುರು. ನಾನು ಮುಂದೆ ನುಗ್ಗಿದ್ದಕ್ಕೆ ತಮ್ಮ ಹೊಂಡಕ್ಕೆ ಬಿದ್ದು “ಆಪಾ!” ಎಂದು ಕಿರುಚಿದ್ದು ಎಷ್ಟು ಸಲವೋ. 2009ರ ‘ಲೆಗೊ ಇಂಡಿಯಾನಾ ಜೋನ್ಸ್ 2’ರಲ್ಲಿ ಇದಕ್ಕೆ ಪರಿಹಾರ ಬಂತು. ಆಟಗಾರರು ದೂರವಾದರೆ ಪರದೆ ತಾನಾಗಿ ಎರಡಾಗುತ್ತದೆ, ಹತ್ತಿರ ಬಂದರೆ ಒಂದಾಗುತ್ತದೆ. ‘ಮಕ್ಕಳ ಆಟ ತಾನೇ’ ಎಂದು ಎಲ್ಲರೂ ಸುಮ್ಮನಿದ್ದಿದ್ದರೆ ಇಂಥ ತೊಂದರೆಗಳನ್ನು ಯಾರು ತಿದ್ದುತ್ತಿದ್ದರು?

ಎರಡನೆಯದು ಇನ್ನೂ ಗಂಭೀರ. ಇದೇ ಹೆಸರಿನಲ್ಲಿ, ಅದೇ ಸಮಯಕ್ಕೆ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್ ಯಂತ್ರಕ್ಕೂ ಒಂದು ಆವೃತ್ತಿ ಬಂತು. ಅದು ತಪ್ಪುಗಳಿಂದ ತುಂಬಿದೆ ಎಂದು ವಿಮರ್ಶಕರು ಕಟುವಾಗಿ ಬರೆದರು. ಮೆಟಾಕ್ರಿಟಿಕ್‌ನಲ್ಲಿ ಅದರ ಸರಾಸರಿ 50ನ್ನೂ ಮುಟ್ಟಲಿಲ್ಲ. ಯೋಚಿಸಿ: ಹೆಸರು ಒಂದೇ, ಒಳಗಿನ ಮಾಲು ಬೇರೆ. ಮಗುವಿನ ಹುಟ್ಟುಹಬ್ಬಕ್ಕೆ ಕೊಳ್ಳಲು ಬಂದ ತಂದೆಗೆ ಇದು ಹೇಗೆ ಗೊತ್ತಾಗಬೇಕು? ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಗ್ರಾಹಕರ ಹಕ್ಕುಗಳ ಪಾಠವಿದೆ. ಮಾಹಿತಿ ಪಡೆಯುವ ಹಕ್ಕು ಅದರಲ್ಲಿ ಒಂದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ನನಗೆ ಹೊಳೆದದ್ದು ಈ ಎರಡು ಅಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ. ಮಕ್ಕಳ ವಸ್ತುವಿಗೆ ವಿಮರ್ಶೆ ಇನ್ನೂ ಹೆಚ್ಚು ಬೇಕು, ಯಾಕೆಂದರೆ ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಮೋಸ ಹೋದ ಮಗು ದೂರು ಕೊಡುವುದಿಲ್ಲ, ಒಂದು ಮೂಲೆಯಲ್ಲಿ ಬಿಸಾಡುತ್ತದೆ ಅಷ್ಟೇ.

ಕಾಮರ್ಸ್ ವಿದ್ಯಾರ್ಥಿಯಾಗಿ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಆಟದಲ್ಲಿ ಕಾಣುವ ಪ್ರತಿ ಗೊಂಬೆಯೂ ಜಾಹೀರಾತೇ. ಆಟ ಆಡಿದ ಮಗು ಇಟ್ಟಿಗೆ ಬೇಕು ಅನ್ನುತ್ತದೆ, ಸಿನಿಮಾ ಬೇಕು ಅನ್ನುತ್ತದೆ. ನನ್ನ ತಮ್ಮನೂ ಕೇಳಿದ. ಬೆಲೆ ನೋಡಿ ನಾವಿಬ್ಬರೂ ಸುಮ್ಮನಾದೆವು. ಹೊಗಳುವಾಗ ಇದನ್ನು ಮರೆಯಬಾರದು. ಆದರೂ ಜಾಹೀರಾತೆಂಬ ಒಂದೇ ಕಾರಣಕ್ಕೆ ಅದರೊಳಗಿನ ಒಳ್ಳೆಯ ಕೆಲಸ ಸುಳ್ಳಾಗುವುದಿಲ್ಲ.

ಈಗ ಅಂಕಗಳ ಮಾತು. ಮೆಟಾಕ್ರಿಟಿಕ್ ತೆಗೆಯುವುದು ಸಾಮಾನ್ಯ ಸರಾಸರಿಯಲ್ಲ, ತೂಕದ ಸರಾಸರಿ. ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟು ಎಂದು ಅವರು ಹೊರಗೆ ಹೇಳುವುದಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿದರೂ ಅದರಲ್ಲಿ ಇಲ್ಲದ ಒಂದು ತೂಕವಿದೆ: ಒಂಬತ್ತು ವರ್ಷದ ಮಗುವಿನದು. ವೃತ್ತಿಯಿಂದಲೇ ಆಟ ಆಡುವ ದೊಡ್ಡವರಿಗೆ ಇದು ಸುಲಭ ಅನ್ನಿಸುವುದು ಸಹಜ. ಒಬ್ಬಳೇ ಕೂತು ಆಡಿದಾಗ ನನಗೂ ಒಂದು ಗಂಟೆಯಲ್ಲಿ ಬೇಜಾರಾಯಿತು. ಹಾಗಾದರೆ ಆ ಅಂಕ ಹೇಳುವುದು ಆಟ ಹೇಗಿದೆ ಎಂದು ಮಾತ್ರವಲ್ಲ, ಆಡಿದವರು ಯಾರು ಎಂದೂ. ನಮಗೆ ಇದು ಗೊತ್ತಿರಬೇಕಾದ ವಿಷಯ. ವರ್ಷಪೂರ್ತಿ ಓದಿದ್ದು ಒಂದು ಪರ್ಸೆಂಟೇಜ್ ಆಗಿ ಹೊರಬರುವವರು ನಾವೇ.

ಒಂದು ರಾತ್ರಿಯ ವಿಷಯ ಹೇಳಿ ಮುಗಿಸುತ್ತೇನೆ. ಕಾಲೇಜು ಶುರುವಾಗಿತ್ತು. ತಮ್ಮನ ಶಾಲೆಯಲ್ಲಿ ಟೆಸ್ಟ್ ಅಂಕ ಬಂದಿತ್ತು, ಚೆನ್ನಾಗಿರಲಿಲ್ಲ. ಅಬ್ಬಾ ಗ್ಯಾರೇಜ್ ಕೆಲಸ ಮುಗಿಸಿ ಮನೆಗೆ ಬರುವುದೇ ಒಂಬತ್ತು ಗಂಟೆಗೆ. ಅಂಕಪಟ್ಟಿಗೆ ಸಹಿ ಹಾಕಿದ ಮೇಲೆ ಎರಡು ದಿನ ಅವರು ಅವನ ಜೊತೆ ಹೆಚ್ಚು ಮಾತಾಡಿರಲಿಲ್ಲ. ಆ ರಾತ್ರಿ ನನಗೆ ಮರುದಿನದ ಟೆಸ್ಟಿಗೆ ಓದುವುದಿತ್ತು. ಅವನು ಒಬ್ಬನೇ ಆಡುತ್ತಿದ್ದ. ಊಟ ಮುಗಿಸಿದ ಅಬ್ಬಾ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಕೂತು ಇನ್ನೊಂದು ಕಂಟ್ರೋಲರ್ ಎತ್ತಿಕೊಂಡರು. ಈ ಆಟದಲ್ಲಿ ಎರಡನೆಯವರು ಮೊದಲಿಂದ ಶುರುಮಾಡಬೇಕಿಲ್ಲ, ನಡುವೆಯೇ ಸೇರಬಹುದು, ಬೇಕಾದಾಗ ಎದ್ದು ಹೋಗಬಹುದು. ಅಬ್ಬಾ ಸೇರಿದ ಕ್ಷಣವೇ ಹೊಂಡಕ್ಕೆ ಬಿದ್ದರು. ಮತ್ತೆ ಎದ್ದರು, ಮತ್ತೆ ಬಿದ್ದರು. ಆಗ ನನ್ನ ತಮ್ಮ, ತರಗತಿಯಲ್ಲಿ ಬಾಯಿಯೇ ತೆರೆಯದವನು, ಮೇಷ್ಟರ ಹಾಗೆ ಹೇಳಿದ: “ಡರೋ ನಕ್ಕೋ ಅಬ್ಬಾ, ಮರ್ತೇ ನೈ.” ಹೆದರಬೇಡಿ ಅಬ್ಬಾ, ಇಲ್ಲಿ ಸಾಯುವುದಿಲ್ಲ.

ಅರ್ಧ ಗಂಟೆ ಆಡಿದರು. ಮೂಲೆಯಲ್ಲಿ ಕೂತಿದ್ದ ದಾದಿ “ಕೌನ್ ಜೀತ್ಯಾ?” ಎಂದು ಕೇಳಿದರು. ಗೆದ್ದದ್ದು ಯಾರು ಎಂದು. ಇಬ್ಬರೂ ಮುಖ ಮುಖ ನೋಡಿಕೊಂಡರು. ಅದಕ್ಕೆ ಉತ್ತರವಿರಲಿಲ್ಲ.

‘ಬಹಳ ಸುಲಭ’ ಎಂದು ಬರೆದ ವಿಮರ್ಶಕರ ಮೇಲೆ ನನಗೆ ಸಿಟ್ಟಿಲ್ಲ. ಅವರ ಪಕ್ಕದಲ್ಲಿ ಆಗ ಒಂದು ಮಗು ಕೂತಿರಲಿಲ್ಲವೇನೋ. ಆದ್ದರಿಂದ ನಮ್ಮ ಪತ್ರಿಕೆಯ ಸಂಪಾದಕ ಬಳಗಕ್ಕೆ ಒಂದು ಸಲಹೆ. ಪ್ರತಿ ಸಂಚಿಕೆಯಲ್ಲಿ ಅರ್ಧ ಪುಟ ಬಿಡಿ. ನಮ್ಮ ತಮ್ಮ ತಂಗಿಯರು ಓದುವ ಪುಸ್ತಕ, ನೋಡುವ ಕಾರ್ಟೂನ್, ಆಡುವ ಆಟ, ಯಾವುದಾದರೂ ಒಂದನ್ನು ನಮ್ಮಲ್ಲಿ ಒಬ್ಬರು ಅವರ ಜೊತೆ ಕೂತು ನೋಡಿ ವಿಮರ್ಶೆ ಬರೆಯಲಿ. ಒಳ್ಳೆಯದನ್ನು ಒಳ್ಳೆಯದು ಎನ್ನೋಣ, ಕೆಟ್ಟದ್ದನ್ನು ಕೆಟ್ಟದ್ದೇ ಎನ್ನೋಣ. ಅಂಕ ಮಾತ್ರ ನಾವು ಕೊಡುವುದು ಬೇಡ. ಅದನ್ನು ಆ ಮಗುವಿಗೇ ಬಿಡೋಣ.

ನನ್ನ ತಮ್ಮನನ್ನು ನಾನು ಕೇಳಿದ್ದೆ, ನೂರಕ್ಕೆ ಎಷ್ಟು ಕೊಡುತ್ತೀಯ ಎಂದು. “ಯಾಕೆ ಆಪಾ, ಇದಕ್ಕೂ ಪರೀಕ್ಷೆ ಇದೆಯಾ?” ಅಂದ.