ಬೀರುವಿನ ಕನ್ನಡ ಬೀದಿಗೆ ಬರಲಿ!

ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಎಂದು ಯಾವ ಹುಡುಗನನ್ನಾದರೂ ಕೇಳಿ. ಹಸಿದ ಬಲ್ಲಾಳರಾಯ, ಬಡ ಅಜ್ಜಿ, ಬೆಂದ ಕಾಳು. ಅದೇ ಕಥೆ! ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಕಲ್ಲೊಂದು ಬೆಂಗಳೂರಿನ ಕಾಳಗದಲ್ಲಿ ಸತ್ತವನ ಸುದ್ದಿ ಹೇಳುತ್ತದೆ. ಬಲ್ಲಾಳ ಹುಟ್ಟುವ ಇನ್ನೂರು ವರ್ಷಕ್ಕೂ ಮೊದಲೇ ಬೆಂಗಳೂರು ಬೆಂಗಳೂರೇ ಆಗಿತ್ತು!

ಇದು ತಜ್ಞರಿಗೆ ಎಂದೋ ಗೊತ್ತು. ನಮ್ಮ ಹುಡುಗರಿಗೆ ಗೊತ್ತಿಲ್ಲ. ಯಾರ ತಪ್ಪು ಸ್ವಾಮಿ?

ತಜ್ಞರು ದುಡಿದಿಲ್ಲ ಎಂದು ಯಾರೂ ಹೇಳುವುದಿಲ್ಲ. ಬಿ.ಎಲ್. ರೈಸ್ ಊರೂರು ಸುತ್ತಿ 'ಎಪಿಗ್ರಾಫಿಯಾ ಕರ್ನಾಟಿಕಾ' ತಂದ. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. ಇವರಿಗೆಲ್ಲ ಕೈಮುಗಿಯೋಣ. ಆದರೆ ಕನ್ನಡದ ಕಲ್ಲಿನ ಬಗ್ಗೆ ಇಂಗ್ಲಿಷಿನಲ್ಲಿ ವರದಿ ಬರೆದು, ವಿಚಾರ ಸಂಕಿರಣದಲ್ಲಿ ಓದಿ, ಕಾಫಿ ಕುಡಿದು ಎದ್ದು ಹೋಗುವ ಚಾಳಿಗೆ ಕೈಮುಗಿಯಬೇಕೇ? ಇಂಥ ವಿಷಯ ಕನ್ನಡದಲ್ಲಿ ಬರೆಯಲಾಗದು ಎಂಬ ಸಬೂಬು ಬೇಡ. ಚಿದಾನಂದಮೂರ್ತಿಯವರು ಶಾಸನಗಳ ಸಾಂಸ್ಕೃತಿಕ ಅಧ್ಯಯನವನ್ನು ಅಚ್ಚಗನ್ನಡದಲ್ಲೇ ಬರೆದು 1966ರಲ್ಲೇ ಆ ಬಾಯಿ ಮುಚ್ಚಿಸಿದ್ದಾರೆ.

ನಾನು ಪ್ರೆಸ್ ಇಟ್ಟುಕೊಂಡವನು. ನನಗೆ ತಿಳಿದ ಭಾಷೆಯಲ್ಲಿ ಹೇಳುತ್ತೇನೆ. ಶಾಸನದ ಪಡಿಯಚ್ಚು ತೆಗೆಯುವುದೂ ನಮ್ಮದೇ ಕಸುಬು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟುತ್ತಾರೆ. ಅಕ್ಷರ ಬೆಳ್ಳಗೆ, ಸುತ್ತ ಕಪ್ಪು. ಸರಿ. ಆದರೆ ಒಂದೇ ಪ್ರತಿ ತೆಗೆದು ಬೀರುವಿನಲ್ಲಿಟ್ಟರೆ ಅದು ಪ್ರೂಫ್. ಓದುವವನ ಕೈಗೆ ಬಂದಾಗಲೇ ಅದು ಪ್ರಕಟಣೆ. ನಮ್ಮ ತಜ್ಞರಲ್ಲಿ ಬಹಳ ಮಂದಿ ಪ್ರೂಫಿನಲ್ಲೇ ನಿಂತಿದ್ದಾರೆ!

ಇದರ ನಷ್ಟ ಏನು ಗೊತ್ತೇ? 1958ರ ಕೇಂದ್ರ ಕಾಯಿದೆ ಕಾಯುವುದು ಪಟ್ಟಿಗೆ ಸೇರಿದ ಸ್ಮಾರಕಗಳನ್ನು ಮಾತ್ರ. ಹೊಲದ ಬದುವಿನ, ಕೆರೆ ಏರಿಯ, ಬೀದಿ ಮೂಲೆಯ ಕಲ್ಲಿಗೆ ಊರವರೇ ದಿಕ್ಕು. ಅದರಲ್ಲೇನು ಬರೆದಿದೆ ಎಂದು ತಿಳಿಯದ ಊರವರು ಬಟ್ಟೆ ಒಗೆಯುತ್ತಾರೆ. ಭಕ್ತಿ ಬಂದರೆ ಬಣ್ಣ ಬಳಿಯುತ್ತಾರೆ. ಲೇಔಟ್ ಬಂದರೆ ಜೆಸಿಬಿಗೆ ಬಿಡುತ್ತಾರೆ. ತಿಳಿಸದವನು ಸುಮ್ಮನಿದ್ದು ತಿಳಿಯದವನನ್ನು ಬೈದರೆ ಆಯಿತೇ?

ತಿಳಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಹೆಬ್ಬಾಳವೇ ಸಾಕ್ಷಿ. 2018ರಲ್ಲಿ ಚರಂಡಿಗೆ ಅಗೆಯುವಾಗ ಸಿಕ್ಕಿದ್ದು ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು. ಓದಬಲ್ಲವರು ಓದಿ ಹೇಳಿದರು, ಜನ ಹಣ ಕೂಡಿಸಿ ಮಂಟಪ ಕಟ್ಟಿದರು. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಮನಸ್ಸಿದ್ದರೆ ಆಗುತ್ತದೆ!

ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ಶಾಸನದ ಪಕ್ಕ ಒಂದು ಕನ್ನಡ ಫಲಕ: ಮೂಲ ಪಾಠ, ಇಂದಿನ ಕನ್ನಡದ ಅರ್ಥ, ಕಾಲ, ಮತ್ತು 'ಬಣ್ಣ, ಎಣ್ಣೆ, ಆಸಿಡ್ ತಾಗಿಸಬೇಡಿ' ಎಂಬ ಒಂದು ಸಾಲು. ಹತ್ತಿರದ ಶಾಲೆಗೆ ಒಂದು ಹಾಳೆಯ ಕರಪತ್ರ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಪ್ರತಿ ಸಂಶೋಧನೆಗೂ ಕನ್ನಡದ ಪ್ರತಿ ಕಡ್ಡಾಯ.

ಕನ್ನಡದ ತರುಣರೇ, ಬೋರ್ಡಿನಲ್ಲಿ ಕನ್ನಡ ಇಲ್ಲವೆಂದು ಕೂಗುತ್ತೀರಿ, ಕೂಗಲೇಬೇಕು. ಆದರೆ ಸಾವಿರ ವರ್ಷದಿಂದ ಕನ್ನಡ ಹೊತ್ತು ನಿಂತ ಬೋರ್ಡು ನಿಮ್ಮ ಬಡಾವಣೆಯಲ್ಲೇ ಇದೆಯೋ ನೋಡಿದ್ದೀರಾ? ಈ ಭಾನುವಾರ ಹುಡುಕಿ. ಸಿಕ್ಕರೆ ಫೋಟೋ ತೆಗೆಯಿರಿ, ತಜ್ಞರ ಬಾಗಿಲು ತಟ್ಟಿ, ಅರ್ಥ ಕೇಳಿ. ಹೇಳುವವರೆಗೂ ಬಾಗಿಲು ಬಿಟ್ಟು ಕದಲಬೇಡಿ!