ಒಂದು ಡಬ್ಬಿ, ಎರಡು ಲೆಕ್ಕ

ಶುಕ್ರವಾರ ರಾತ್ರಿ ಆಫೀಸಿನಿಂದ ಬರುವಾಗ ಕ್ಯಾಬ್‌ನಲ್ಲಿ ‘ಹೇ ಯಾ’ ಹಾಡು ಬಂತು. ಜೊತೆಗಿದ್ದವರೆಲ್ಲ ಕೂತಲ್ಲೇ ಕುಣಿದರು. ನನಗೆ ಮಾತ್ರ ಆ ಹಾಡು ಕೇಳಿದರೆ ಹೊಟ್ಟೆಯಲ್ಲಿ ಏನೋ ಸಂಕಟ. ಟ್ಯೂನ್ ಬಿಟ್ಟು ಸಾಹಿತ್ಯಕ್ಕೆ ಕಿವಿ ಕೊಡಿ, ಅದು ಪ್ರೀತಿ ಸೋತರೂ ಬಿಡಲಾಗದೆ ಜೊತೆಗಿರುವವರ ಹಾಡು.

ಹಾಡಿದ್ದು ಆಂಡ್ರೆ 3000. ಅಟ್ಲಾಂಟಾದ ‘ಔಟ್‌ಕಾಸ್ಟ್’ ಜೋಡಿಯಲ್ಲಿ ಒಬ್ಬ. ಇನ್ನೊಬ್ಬ ಬಿಗ್ ಬೋಯ್. ಹೈಸ್ಕೂಲ್ ಕಾಲದ ದೋಸ್ತರು. 1995ರಲ್ಲಿ ನ್ಯೂಯಾರ್ಕ್‌ನ ಸೋರ್ಸ್ ಅವಾರ್ಡ್ಸ್‌ನಲ್ಲಿ ಪ್ರಶಸ್ತಿ ತಗೊಳ್ಳೋಕೆ ವೇದಿಕೆ ಹತ್ತಿದಾಗ ಜನ ಗಲಾಟೆ ಮಾಡಿ ಅವಮಾನಿಸಿದ್ದರು. ರ‍್ಯಾಪ್ ಅಂದ್ರೆ ನ್ಯೂಯಾರ್ಕ್, ಇಲ್ಲಾ ಲಾಸ್ ಏಂಜಲೀಸ್. ದಕ್ಷಿಣದವರಿಗೆ ಏನು ಗೊತ್ತು ಅನ್ನೋ ಕಾಲ ಅದು.

ಅದೇ ಹುಡುಗರ ‘ಸ್ಪೀಕರ್‌ಬಾಕ್ಸ್/ದ ಲವ್ ಬಿಲೋ’ ಆಲ್ಬಂ 2003ರ ಸೆಪ್ಟೆಂಬರ್ 23ಕ್ಕೆ ಬಂತು. ಮೊದಲ ವಾರವೇ ಸುಮಾರು 5 ಲಕ್ಷ ಪ್ರತಿ ಖರ್ಚಾಗಿ ಬಿಲ್‌ಬೋರ್ಡ್‌ನಲ್ಲಿ ನಂಬರ್ 1. ಮರುವರ್ಷ ವರ್ಷದ ಆಲ್ಬಂ ಅಂತ ಗ್ರ್ಯಾಮಿ. ಆದರೆ ಒಳಗೆ ನೋಡಿದ್ರೆ ಅದು ಒಂದು ಆಲ್ಬಮ್ಮೇ ಅಲ್ಲ. ಡಬ್ಬಿ ಒಂದು, ಡಿಸ್ಕ್ ಎರಡು. ಒಂದರಲ್ಲಿ ಬಿಗ್ ಬೋಯ್‌ನ ಗಟ್ಟಿ ಹಿಪ್‌ಹಾಪ್, ಇನ್ನೊಂದರಲ್ಲಿ ಆಂಡ್ರೆಯ ಫಂಕ್, ಜಾಝ್, ಪಾಪ್. ಆಂಡ್ರೆ ರ‍್ಯಾಪ್ ಮಾಡಿದ್ದೇ ಕಡಿಮೆ. ಒಂದೇ ಮನೆಯಲ್ಲಿ ಎರಡು ಒಲೆ ಹಚ್ಚಿದ ಹಾಗೆ.

ಲೆಕ್ಕದ ವಿಷಯ ಇನ್ನೂ ಮಜಾ. ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ 1 ಕೋಟಿ ಯೂನಿಟ್ ದಾಟಿದರೆ ‘ಡೈಮಂಡ್’ ಕೊಡುತ್ತೆ. 100 ನಿಮಿಷ ಮೀರಿದ ಡಬಲ್ ಆಲ್ಬಂ ಆದರೆ ಒಂದೊಂದು ಡಿಸ್ಕಿಗೂ ಬೇರೆ ಲೆಕ್ಕ. ಇದು ಎರಡು ಗಂಟೆಗೂ ಹೆಚ್ಚು. ಅಂದರೆ 50 ಲಕ್ಷ ಡಬ್ಬಿ ಹೋದರೆ ಸಾಕು, 1 ಕೋಟಿ! ಡೈಮಂಡ್ ಬಂದೇ ಬಂತು. ಇಬ್ಬರೂ ಅತಿ ಕಡಿಮೆ ಜೊತೆಗೆ ಹಾಡಿದ ಆಲ್ಬಂ, ಅವರ ಅತಿ ಹೆಚ್ಚು ಮಾರಾಟದ ಆಲ್ಬಂ.

‘ಹೇ ಯಾ’ 9 ವಾರ ಮೊದಲ ಸ್ಥಾನ ಬಿಡಲಿಲ್ಲ. ಅದರ ಬೆನ್ನಿಗೇ ಎರಡನೇ ಸ್ಥಾನದಲ್ಲಿ ವಾರಗಟ್ಟಲೆ ಕಾದು ನಿಂತಿದ್ದ ಹಾಡು ಯಾವುದು ಗೊತ್ತಾ? ಬಿಗ್ ಬೋಯ್‌ನ ‘ದ ವೇ ಯು ಮೂವ್’. 2004ರ ಫೆಬ್ರವರಿಯಲ್ಲಿ ಕೊನೆಗೂ ಅದಕ್ಕೆ ಮೊದಲ ಸ್ಥಾನ ಸಿಕ್ಕಿತು, ಒಂದೇ ಒಂದು ವಾರ.

ಆ ಒಂದು ವಾರ ನನ್ನನ್ನು ಕಾಡುತ್ತೆ. ನಾನೂ ಹಾಸ್ಟೆಲ್ ಗೆಳತಿಯೂ ಸೇರಿ ಮೂರು ವರ್ಷ ಅಡುಗೆ ವಿಡಿಯೊ ಮಾಡ್ತಿದ್ವಿ. ಕ್ಯಾಮೆರಾ ಮುಂದೆ ನಾನು. ಎಡಿಟಿಂಗ್, ಸೌಂಡ್, ರಾತ್ರಿ ಎರಡು ಗಂಟೆಗೆ ಅಪ್‌ಲೋಡ್ ಎಲ್ಲ ಅವಳದು. ಒಂದು ಸಲ ನಾನೊಬ್ಬಳೇ ಮಾಡಿ ಹಾಕಿದ ರೀಲ್ ಓಡಿಬಿಟ್ಟಿತು. ಚಾನೆಲ್ ಲೆಕ್ಕದಲ್ಲಿ ಅದು ‘ನಮ್ಮದು’. ಕಾಮೆಂಟಿನಲ್ಲಿ ಬರೀ ನನ್ನ ಹೆಸರು. ಅವಳು ‘ಕಂಗ್ರಾಟ್ಸ್ ಕಣೇ’ ಅಂದಳು. ಆಮೇಲೆ ನಾವು ಜೊತೆಯಲ್ಲಿ ಏನೂ ಮಾಡಲಿಲ್ಲ. ಜಗಳ ಆಗಿದ್ದರೆ ಎಷ್ಟೋ ವಾಸಿ ಇತ್ತು.

ಔಟ್‌ಕಾಸ್ಟ್‌ನವರು 2006ರಲ್ಲಿ ‘ಐಡಲ್‌ವೈಲ್ಡ್’ ತಂದರು. ಆಮೇಲೆ ಹೊಸ ಆಲ್ಬಂ ಇಲ್ಲ. 2014ರಲ್ಲಿ ಮತ್ತೆ ಒಟ್ಟಿಗೆ ವೇದಿಕೆ ಹತ್ತಿದರು. 2023ರಲ್ಲಿ ಆಂಡ್ರೆ ಕೊಳಲಿನ ಆಲ್ಬಂ ತಂದ, ಒಂದು ಸಾಲು ರ‍್ಯಾಪ್ ಕೂಡ ಇಲ್ಲದ್ದು.

ಕ್ಯಾಬ್ ಇಳಿಯೋ ಮೊದಲು ಗೆಳತಿಗೆ ‘ದ ವೇ ಯು ಮೂವ್’ ಲಿಂಕ್ ಕಳಿಸಿದೆ. ಬರೀ ಲಿಂಕು, ಇನ್ನೇನೂ ಬರೀಲಿಲ್ಲ. ಬೆಳಿಗ್ಗೆ ನೋಡಿದರೆ ಉತ್ತರ ಬಂದಿದೆ: ‘ಬೇಸ್ ಚೆನ್ನಾಗಿದೆ. ಇಯರ್‌ಫೋನ್ ಹಾಕ್ಕೊಂಡು ಕೇಳೇ, ಫೋನ್ ಸ್ಪೀಕರಲ್ಲಿ ಗೊತ್ತಾಗಲ್ಲ.’